ಮಡಚುವ ಕಾಲಿನೊಳಗಿನ ಸ್ಟೆಂಟ್: ಅಧ್ಯಯನ ಟಿಪ್ಪಣಿ

ಕಲಬುರಗಿಯ ನಮ್ಮ ಮನೆಯಲ್ಲಿ ಅಜ್ಜಿ ಇಂದಿಗೂ ನೆಲದ ಮೇಲೆ ಕುಳಿತೇ ಜೋಳದ ರೊಟ್ಟಿ ಬಡಿಯುತ್ತಾರೆ. ಒಂದು ಕಾಲು ಮಡಚಿ ನೆಲಕ್ಕೆ, ಇನ್ನೊಂದರ ಮೊಣಕಾಲು ಎದೆಯ ಹತ್ತಿರಕ್ಕೆ. ಕಾಲಿನ ಸ್ಟೆಂಟ್ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ, ತೆಳು ಎಳೆಗಳ ಬಲೆಯಂಥ ಲೋಹದ ಕೊಳವೆ) ಬಗ್ಗೆ ಓದುವಾಗ ನೀವೂ ಇಂಥದೊಂದು ಕಾಲನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅರ್ಧ ವಿಷಯ ತಾನಾಗಿಯೇ ತಿಳಿಯುತ್ತದೆ.

ತೊಡೆಯ ಅಪಧಮನಿ ಸ್ನಾಯುಗಳ ನಡುವೆ ಇಳಿದು ಮೊಣಕಾಲಿನ ಹಿಂಬದಿಗೆ ಹೋಗುತ್ತದೆ. ಕಾಲು ಮಡಚಿದಾಗ ಅದು ಬಾಗುತ್ತದೆ, ಉದ್ದದಲ್ಲಿ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಒಳಗಿನ ಸ್ಟೆಂಟೂ ಇದೆಲ್ಲವನ್ನೂ ತಾಳಬೇಕು.

ಬಲೂನಿನಿಂದ ಹಿಗ್ಗಿಸುವ ಉಕ್ಕಿನ ಸ್ಟೆಂಟ್ ಹಿಗ್ಗಿಸಿದ ಆಕಾರದಲ್ಲಿ ನಿಲ್ಲುತ್ತದೆ. ಹೊರಗಿನಿಂದ ಒತ್ತಿದರೆ ಒತ್ತಿದ ಆಕಾರದಲ್ಲೂ ಹಾಗೆಯೇ ನಿಂತುಬಿಡುತ್ತದೆ! ಆದ್ದರಿಂದ ಇಲ್ಲಿ ಹೆಚ್ಚಾಗಿ ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ಬಳಸುತ್ತಾರೆ. ಸೂಪರ್ ಮಾರ್ಕೆಟ್ ಬಳಿಯ ಕನ್ನಡಕದ ಅಂಗಡಿಯಲ್ಲಿ ಇಂಥ ಲೋಹದ ಫ್ರೇಮಿನ ಕಡ್ಡಿಯನ್ನು ನನ್ನ ಬೆರಳಿಗೆ ಸುತ್ತಿ ಬಿಟ್ಟೆ, ಚಂಗನೆ ನೆಟ್ಟಗಾಯಿತು. ಜೇಬಿನಲ್ಲಿದ್ದ ಉಕ್ಕಿನ ಕ್ಲಿಪ್ಪನ್ನು ಹಾಗೆಯೇ ಸುತ್ತಿದೆ, ಅದು ಸೊಟ್ಟಗೇ ಉಳಿಯಿತು. ಉಕ್ಕು ಶೇಕಡಾ ಅರ್ಧದಷ್ಟು ಹಿಗ್ಗುವ ಮೊದಲೇ ಹಳೆಯ ಆಕಾರ ಮರೆಯುತ್ತದೆ. ನಿಟಿನಾಲ್ ಶೇಕಡಾ 6ರಿಂದ 8ರಷ್ಟು ಹಿಗ್ಗಿದರೂ ಮರಳುತ್ತದೆ. ಒತ್ತಡ ಬಿದ್ದಾಗ ಅದರ ಪರಮಾಣುಗಳ ಜೋಡಣೆ ಬದಲಾಗಿ, ಒತ್ತಡ ಇಳಿದಾಗ ಮೊದಲಿನಂತಾಗುವುದೇ ಇದಕ್ಕೆ ಕಾರಣ.

ಬಹಳ ಮಂದಿ ಎಡವುವುದು ಮುಂದಿನ ಮಾತಿನಲ್ಲಿ; ನಾನೂ ಎಡವಿದ್ದೆ. ಆ ಶೇಕಡಾ 8 ಎಂಬುದು ಒಂದು ಸಲ ಹಿಗ್ಗಿಸಿದಾಗಿನ ಲೆಕ್ಕ. ಲಕ್ಷಾಂತರ ಸಲ ಹಿಂದೆಮುಂದೆ ಎಳೆದಾಡಿದರೆ, ಸರಾಸರಿಯಿಂದ ಆಚೀಚೆ ಶೇಕಡಾ 0.4ರಷ್ಟು ಏರಿಳಿತವೇ ನಿಟಿನಾಲ್‌ಗೆ ಹೆಚ್ಚುಕಡಿಮೆ ಗಡಿ. ಅದನ್ನು ದಾಟಿದರೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದಪ್ಪದ ಆ ಎಳೆಯಲ್ಲಿ ಬಿರುಕು ಹುಟ್ಟಿ, ಮೆಲ್ಲಗೆ ಬೆಳೆದು, ಒಂದು ದಿನ ಎಳೆ ತುಂಡಾಗುತ್ತದೆ. ಲೋಹ ದಣಿಯುವುದೆಂದರೆ ಇದೇ.

ಲೆಕ್ಕವನ್ನು ನೀವೇ ಮಾಡಿ. ಹೃದಯದ ಪ್ರತಿ ಬಡಿತಕ್ಕೂ ಅಪಧಮನಿಯ ಜೊತೆ ಸ್ಟೆಂಟೂ ತುಸು ಹಿಗ್ಗುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ಹತ್ತು ವರ್ಷಕ್ಕೆ ಸುಮಾರು 38 ಕೋಟಿ. ಪರೀಕ್ಷೆಯಲ್ಲಿ ಸ್ಟೆಂಟನ್ನು 40 ಕೋಟಿ ಸಲ ಮಿಡಿಸುವುದು ಅದಕ್ಕೇ. ಒಂದೊಂದು ಕಾಲು ವರ್ಷಕ್ಕೆ 10 ಲಕ್ಷ ಹೆಜ್ಜೆ ಇಟ್ಟರೆ ಹತ್ತು ವರ್ಷಕ್ಕೆ 1 ಕೋಟಿ. ಎಣಿಕೆಯಲ್ಲಿ ಹೆಜ್ಜೆ ಕಡಿಮೆ, ಆದರೆ ಕಾಲಿನ ಸ್ಟೆಂಟನ್ನು ಹೆಚ್ಚು ಕಾಡುವುದು ಅದೇ, ಏಕೆಂದರೆ ಪ್ರತಿ ಹೆಜ್ಜೆಯ ಬಾಗು ಮಿಡಿತದ ಹಿಗ್ಗಿಗಿಂತ ಬಲು ದೊಡ್ಡದು.

ಎರಡು ಸ್ಟೆಂಟ್‌ಗಳ ತುದಿ ಒಂದರೊಳಗೊಂದು ಸೇರಿದ ಜಾಗ ಗಡುಸಾಗಿರುತ್ತದೆ. ಅಲ್ಲಿ ಬಾಗಲಾಗದ್ದನ್ನು ಪಕ್ಕದ ಭಾಗ ಬಾಗಿ ತೀರಿಸಬೇಕು. ಎಕ್ಸ್‌ರೇ ಓದುವಾಗ ಎಳೆ ತುಂಡಾಗಿದೆಯೇ ಎಂದು ಮೊದಲು ಆ ಸೇರಿಕೆಯ ಆಸುಪಾಸಿನಲ್ಲಿ ಕಣ್ಣು ಹಾಯಿಸಿ. ಕಾಲು ಚಾಚಿ ತೆಗೆದ ಚಿತ್ರದ ಜೊತೆಗೆ ಮಡಚಿ ತೆಗೆದದ್ದನ್ನೂ ನೋಡಿ.