ಚಿನ್ನದ ನ್ಯಾನೊಕಣಗಳೂ ಲೇಸರಿನ ಬಿಸಿಯೂ
ಕಾರವಾರದಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಚಿನ್ನದ ನ್ಯಾನೊಕಣಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ ಚಿನ್ನದ ಚೂರುಗಳನ್ನು, ತಯಾರಿಸಲು ಹೊರಟಾಗ, ಗಾಜಿನ ಸಾಮಾನನ್ನು ಕೊನೆಯಲ್ಲಿ ಯಾವ ನೀರಿನಿಂದ ತೊಳೆದಿರಿ ಎಂದು ನಾನು ಮೊದಲು ಕೇಳುತ್ತೇನೆ. ಚಿನ್ನವಿರುವ ಕ್ಲೋರೋಆರಿಕ್ ಆಮ್ಲದ ಕುದಿಯುವ ತೆಳು ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸೇರಿಸಿದರೆ ಕೆಲವೇ ನಿಮಿಷಗಳಲ್ಲಿ ಮಾಣಿಕ್ಯದ ಕೆಂಪು ಬರುತ್ತದೆ. ಕಡಲಂಚಿನ ಬಾವಿಯ ಉಪ್ಪು ಸಾಕಷ್ಟು ಸೇರಿಕೊಂಡರೆ ಕಣಗಳನ್ನು ದೂರವಿಟ್ಟಿದ್ದ ವಿದ್ಯುತ್ ವಿಕರ್ಷಣೆ ಕುಗ್ಗಿ, ಅವು ಒಂದಕ್ಕೊಂದು ಅಂಟಿಕೊಂಡು ದ್ರವ ನೀಲಿಗೆ ತಿರುಗುತ್ತದೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1857ರಲ್ಲೇ ಇದನ್ನು ಗಮನಿಸಿದ್ದರು.

ಸುಮಾರು 20 ನ್ಯಾನೊಮೀಟರಿನ ಕಣಗಳಲ್ಲಿ ಮುಕ್ತ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ 520 ನ್ಯಾನೊಮೀಟರಿನ ಆಸುಪಾಸಿನ ಹಸಿರು ಬೆಳಕನ್ನು ಹೀರುವುದರಿಂದ ಈ ಕೆಂಪು ಕಾಣುತ್ತದೆ. ಸಾಮಾನ್ಯ ದೀಪದ ಬೆಳಕು ಎಷ್ಟೇ ಹೆಚ್ಚಿದರೂ ಅದರಲ್ಲಿ ಹೀರಿಕೆಯಾಗುವ ಪಾಲು ಬದಲಾಗದು. ಕಣದ ಮೇಲ್ಮೈಯಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರ ಹಲವು ಪಟ್ಟು ಬಲಗೊಳ್ಳುವುದರಿಂದ, ಲೇಸರ್ ಸ್ಪಂದದ (ಕ್ಷಣಮಾತ್ರದ ಮಿಂಚಿನ) ತೀವ್ರತೆಯಲ್ಲಿ ಹೀರಿಕೆಯೂ ವಕ್ರೀಭವನಾಂಕವೂ (ಬೆಳಕನ್ನು ಬಾಗಿಸುವ ಅಳತೆಯೂ) ತೀವ್ರತೆಗೆ ತಕ್ಕಂತೆ ಬದಲಾಗತೊಡಗುತ್ತವೆ. ಇದೇ ಅರೇಖೀಯ ಗುಣ.

ಇದನ್ನು ಅಳೆಯಲು ಜೆಡ್-ಸ್ಕ್ಯಾನ್ ವಿಧಾನ ಬಳಕೆಯಲ್ಲಿದೆ. ಮಸೂರದ ಸಂಗಮಬಿಂದುವಿನ ಆಚೀಚೆ ಮಾದರಿಯನ್ನು ಸರಿಸುತ್ತ, ಸಣ್ಣ ರಂಧ್ರದ ಮೂಲಕ ಡಿಟೆಕ್ಟರಿಗೆ ತಲುಪುವ ಬೆಳಕನ್ನು ದಾಖಲಿಸಬೇಕು. ಮೊದಲು ಏರಿ ಆಮೇಲೆ ಇಳಿಯುವ ರೇಖೆ ಬಂದರೆ, ಅರೇಖೀಯ ವಕ್ರೀಭವನ ಋಣಾತ್ಮಕವೆಂದು, ಅಂದರೆ ತೀವ್ರತೆ ಹೆಚ್ಚಿದಂತೆ ವಕ್ರೀಭವನಾಂಕ ಇಳಿಯುತ್ತದೆಂದು, ಬರೆದುಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಬಳಕೆಯಲ್ಲಿರುವ 532 ನ್ಯಾನೊಮೀಟರ್ ಲೇಸರ್ ಚಿನ್ನದ ಹೀರಿಕೆಯ ಶಿಖರದ ಪಕ್ಕದಲ್ಲೇ ಇರುವುದರಿಂದ ಕಣಗಳು ಕಾದು ಸುತ್ತಲಿನ ನೀರನ್ನೂ ಬಿಸಿಮಾಡುತ್ತವೆ. ಬಿಸಿಯಾದ ನೀರಿನ ವಕ್ರೀಭವನಾಂಕ ಇಳಿಯುವುದರಿಂದ ಕಿರಣದ ನಡುವೆ ಬೆಳಕನ್ನು ಚದುರಿಸುವ ಮಸೂರವೊಂದು ಹುಟ್ಟಿ, ಅದೇ ಆಕಾರದ ರೇಖೆಯನ್ನು ಕೊಡುತ್ತದೆ. ಬೇಸಿಗೆಯಲ್ಲಿ ಅಂಕೋಲಾ ಕಡೆಯ ಹೆದ್ದಾರಿಯ ಮೇಲೆ ಕಾಣುವ ಬಿಸಿಲ್ಗುದುರೆಗೂ ಬಿಸಿಯಿಂದ ಬದಲಾದ ವಕ್ರೀಭವನಾಂಕವೇ ಕಾರಣ; ಅಲ್ಲಿ ನೀರಿನ ಬದಲು ಗಾಳಿ.

ಬಿಡುವಿಲ್ಲದೆ ಬೆಳಗುವ ನಿರಂತರ ಲೇಸರಿನಲ್ಲಿ ಅರೇಖೀಯ ವಕ್ರೀಭವನಕ್ಕೆ ಸಿಗುವ ದೊಡ್ಡ ಸಂಖ್ಯೆಯನ್ನು ನಾನು ಬಹುಪಾಲು ಬಿಸಿಯ ಲೆಕ್ಕಕ್ಕೇ ಹಾಕುತ್ತೇನೆ. ಬರೀ ನೀರನ್ನು ಅಳೆದು ಕಳೆದರೂ ಇದು ತೊಲಗದು, ಏಕೆಂದರೆ ಕಾಯಿಸುವುದು ನೀರಲ್ಲ, ಕಣಗಳು. ಸ್ಪಂದಗಳ ಲೇಸರಾದರೆ, ಸ್ಪಂದಗಳ ನಡುವಿನ ಅಂತರ ಹೆಚ್ಚಿಸಿ ನೋಡಬೇಕು. ಆಗ ಮೌಲ್ಯ ಕುಸಿದರೆ, ಕುಸಿದಷ್ಟೂ ಶೇಖರವಾದ ಬಿಸಿಯದು. ರಂಧ್ರ ತೆಗೆದು ಹೀರಿಕೆ ಅಳೆಯುವಾಗಲೂ, ಕಾದ ಕಣಗಳ ಸುತ್ತ ಏಳುವ ಗುಳ್ಳೆಗಳು ಬೆಳಕನ್ನು ಪಕ್ಕಕ್ಕೆ ಚದುರಿಸಿ ಹೀರಿಕೆಯಂತೆ ತೋರಬಹುದಾದ್ದರಿಂದ, ಬದಿಯಲ್ಲಿ ಇನ್ನೊಂದು ಡಿಟೆಕ್ಟರ್ ಇಡುವುದು ಒಳ್ಳೆಯದು.