ಮೊದಲ ಸಣ್ಣಕತೆ ಯಾರದು? ಹಳೇ ಪತ್ರಿಕೆಗಳನ್ನು ಕೇಳಿ

ಕನ್ನಡದ ಮೊದಲ ಸಣ್ಣಕತೆ ಬರೆದವರು ಯಾರು ಅಂತ ಕೇಳಿದರೆ ಹೆಚ್ಚಿನವರು ಮಾಸ್ತಿ ಅನ್ನುತ್ತಾರೆ. 'ರಂಗನ ಮದುವೆ', 1910. ಮಂಗಳೂರು ಕಡೆಯವರನ್ನು ಕೇಳಿ ನೋಡಿ, ಥಟ್ಟನೆ ಪಂಜೆ ಮಂಗೇಶರಾಯರ ಹೆಸರು ಬರುತ್ತದೆ. 'ನನ್ನ ಚಿಕ್ಕ ತಾಯಿ' 1900ರಲ್ಲೇ ಅಚ್ಚಾಗಿತ್ತಲ್ಲ! ಬಾಗಲಕೋಟೆ ಕಡೆ ಹೋದರೆ ಕೆರೂರು ವಾಸುದೇವಾಚಾರ್ಯರನ್ನು ಯಾಕೆ ಮರೆತಿರಿ ಅಂತ ತರಾಟೆಗೆ ತೆಗೆದುಕೊಳ್ಳುತ್ತಾರೆ.

ಈ ಚರ್ಚೆ ಇವತ್ತಿಗೂ ಮುಗಿಯದೆ ಉಳಿದದ್ದಕ್ಕೆ ನನಗೆ ಕಾಣುವ ಕಾರಣ ತುಂಬ ಸರಳ. ಮಾಸ್ತಿಯವರ ಕತೆಗಳು 1920ರಲ್ಲಿ 'ಕೆಲವು ಸಣ್ಣ ಕಥೆಗಳು' ಅಂತ ಪುಸ್ತಕವಾಗಿ ಬಂದವು. ಅದಕ್ಕೂ ಮುಂಚಿನ ಎಷ್ಟೋ ಕತೆಗಳು ಪತ್ರಿಕೆಯ ಪುಟಗಳಲ್ಲೇ ಉಳಿದವು. ಪುಸ್ತಕ ಕಪಾಟು ಸೇರುತ್ತದೆ, ಪತ್ರಿಕೆ ರದ್ದಿಗೆ ಹೋಗುತ್ತದೆ. ಸಾಹಿತ್ಯ ಚರಿತ್ರೆ ಬರೆಯುವವರ ಕೈಗೆ ಸಿಕ್ಕಿದ್ದು ಕಪಾಟಿನಲ್ಲಿದ್ದದ್ದು.

ಪತ್ರಿಕೆಗೂ ಕತೆಗೂ ನಂಟು ಹಳೆಯದು. 1843ರಲ್ಲಿ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ದಲ್ಲೇ ಊರಿನ ಸುದ್ದಿ, ಸರ್ಕಾರದ ಆಜ್ಞೆಗಳ ಜೊತೆ ಕತೆಗೂ ಜಾಗವಿತ್ತು. ಆದರೆ ಅವು ನೀತಿ ಹೇಳುವ ಕತೆಗಳು. ಸುಮ್ನೆ ಓದಿ ಖುಷಿಪಡಲಿ ಅಂತ ಬರೆದ ಕತೆಗೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಅದು ಬಂದದ್ದೂ ಮಂಗಳೂರಿನಲ್ಲೇ. 1900ರಲ್ಲಿ ಬೆನಗಲ್ ರಾಮರಾಯರು 'ಸುವಾಸಿನಿ' ಅನ್ನುವ ಮಾಸಪತ್ರಿಕೆ ಶುರು ಮಾಡಿದರು. ಅದರಲ್ಲಿ 'ಹರಟೆಮಲ್ಲ' ಅನ್ನುವ ಹೆಸರಿನಲ್ಲಿ ಒಬ್ಬರು ಬರೆಯುತ್ತಿದ್ದರು. ಅವರೇ ಪಂಜೆ. ಕತೆಗಳ ಹೆಸರು ನೋಡಿ: 'ನನ್ನ ಚಿಕ್ಕ ತಾಯಿ', 'ನನ್ನ ಚಿಕ್ಕ ತಂದೆ', 'ನನ್ನ ಹೆಂಡತಿ', 'ಕಮಲಾಪುರದ ಹೋಟ್ಲಿನಲ್ಲಿ'. ರಾಜರಿಲ್ಲ, ದೇವರಿಲ್ಲ. ಇರುವುದು ಮನೆಯವರು, ನೆಂಟರು, ಹೋಟೆಲು. ಅಲ್ಲಿಯವರೆಗೆ ಕನ್ನಡದ ಗದ್ಯ ಹೀಗೆ ಚಕ್ಕಳಮಕ್ಕಳ ಹಾಕಿ ಕೂತು ಮಾತಾಡಿದ್ದೇ ಕಡಿಮೆ. ಪಂಜೆ ಶಾಲಾ ಇಲಾಖೆಯ ನೌಕರಿಯಲ್ಲಿದ್ದವರು. ಮಕ್ಕಳಿಗೆ ಪದ್ಯ ಬರೆದಾಗ 'ಕವಿಶಿಷ್ಯ', ದೊಡ್ಡವರನ್ನು ನಗಿಸುವಾಗ 'ಹರಟೆಮಲ್ಲ'. ಈ ಎರಡನೇ ಹೆಸರಿನಲ್ಲೇ ಒಂದು ಸಂಗತಿ ಅಡಗಿದೆ: ಹರಟೆಗೂ ಕತೆಗೂ ನಡುವೆ ಆಗ ಗೋಡೆ ಇರಲಿಲ್ಲ. ನನ್ನ ಪ್ರಕಾರ ನಮ್ಮ ಸಣ್ಣಕತೆ ಹರಟೆಯ ಬೆನ್ನೇರಿಯೇ ಒಳಗೆ ಬಂದದ್ದು.

ಕನ್ನಡದವರು ಆಗ ಒಂದೇ ಆಡಳಿತದಲ್ಲಿ ಇರಲಿಲ್ಲ ಅನ್ನುವುದನ್ನು ಇಲ್ಲಿ ಮರೆಯಬಾರದು. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ, ಧಾರವಾಡ ಬಾಗಲಕೋಟೆ ಮುಂಬಯಿ ಪ್ರಾಂತ್ಯದಲ್ಲಿ, ಮೈಸೂರು ಮಹಾರಾಜರ ಕೈಯಲ್ಲಿ, ಕೊಡಗು ಬೇರೆಯೇ. ಒಂದು ಕಡೆಯ ಪತ್ರಿಕೆ ಇನ್ನೊಂದು ಕಡೆಗೆ ಹೋಗಬೇಕಾದರೆ ಅಂಚೆಯೇ ಗತಿ. ಹೀಗಾಗಿ ಸಣ್ಣಕತೆಗೆ ಒಂದೇ ಹುಟ್ಟೂರು ಹುಡುಕುವುದೇ ಸರಿಯಲ್ಲ ಅನ್ನಿಸುತ್ತದೆ.

ಮುಂಬಯಿ ಕರ್ನಾಟಕದ ದಾರಿ ಬೇರೆ. ಅಲ್ಲಿ ಮರಾಠಿಯ ಜೋರು ಜಾಸ್ತಿ. ಮರಾಠಿ ಕಾದಂಬರಿ ಓದುತ್ತಿದ್ದ ಕನ್ನಡಿಗರನ್ನು ಕನ್ನಡಕ್ಕೆ ಎಳೆದು ತರಬೇಕಿತ್ತು. ಕಾದಂಬರಿಕಾರ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 1907ರಲ್ಲಿ ಅಗಡಿಯ ಆನಂದವನ ಆಶ್ರಮದಿಂದ 'ಸದ್ಬೋಧ ಚಂದ್ರಿಕೆ' ಪತ್ರಿಕೆ ಹೊರಟಿತು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು ಗಳಗನಾಥರು. ವಕೀಲರಾಗಿದ್ದ ಕೆರೂರು ವಾಸುದೇವಾಚಾರ್ಯರು 'ಸಚಿತ್ರ ಭಾರತ', 'ಶುಭೋದಯ' ಪತ್ರಿಕೆಗಳನ್ನು ನಡೆಸಿದರು, ಕತೆಗಳನ್ನೂ ಬರೆದರು. ಪತ್ರಿಕೆಯ ಪುಟ ತುಂಬಬೇಕು, ಚಂದಾದಾರ ಮುಂದಿನ ವರ್ಷವೂ ಉಳಿಯಬೇಕು. ಇಂಥ ಒತ್ತಡದಲ್ಲಿ ಬರೆದ ಕತೆ ಓದುಗನನ್ನು ಮೊದಲ ಪುಟದಲ್ಲೇ ಹಿಡಿಯದಿದ್ದರೆ ಆಗುತ್ತದೆಯೇ?

ಇನ್ನು ಮಾಸ್ತಿ. 'ರಂಗನ ಮದುವೆ'ಯನ್ನು ಈಗ ಮತ್ತೆ ಓದಿದರೆ ಹರಟೆಯ ವಾಸನೆ ಚೆನ್ನಾಗಿಯೇ ಹೊಡೆಯುತ್ತದೆ. ಕತೆ ಹೇಳುವ ಶ್ಯಾಮ ನೇರವಾಗಿ ಕತೆಗೇ ಬರುವುದಿಲ್ಲ. ಮೊದಲು ಹೊಸಹಳ್ಳಿಯ ವರ್ಣನೆ, ಅಲ್ಲಿನ ಮಾವಿನಕಾಯಿಯ ಹುಳಿ, ಕೆರೆಯ ಬಳ್ಳಿ. ಆಮೇಲೆ ಬೆಂಗಳೂರಲ್ಲಿ ಇಂಗ್ಲಿಷ್ ಓದಿ ಊರಿಗೆ ಬಂದ ರಂಗ. ಅವನನ್ನು ನೋಡಲು ಊರೇ ಬಾಗಿಲಲ್ಲಿ ನೆರೆಯುತ್ತದೆ. ಒಬ್ಬ ಮುದುಕಿ ಹುಡುಗನ ಎದೆ ಸವರಿ ಜನಿವಾರ ಇನ್ನೂ ಇದೆಯಾ ಅಂತ ನೋಡುತ್ತಾಳೆ! ಇಂಗ್ಲಿಷ್ ವಿದ್ಯೆಯ ಬಗ್ಗೆ ಊರಿಗಿದ್ದ ಭಯ ಆ ಒಂದು ಕೈಯಲ್ಲಿ ಕಾಣುತ್ತದೆ. ಮುಂದೆ ಶ್ಯಾಮ ಶಾಸ್ತ್ರಿಗಳ ಜೊತೆ ಸೇರಿ ಜ್ಯೋತಿಷ್ಯದ ನಾಟಕ ಹೂಡಿ ರಂಗನಿಗೆ ರತ್ನಳನ್ನು ಗಂಟುಹಾಕುತ್ತಾನೆ. ಇದನ್ನು ಗಂಭೀರ ಸಾಹಿತ್ಯದ ಶುರು ಅನ್ನುತ್ತೇವೆ, ಸರಿ. ಆದರೆ ಇದು ಊಟವಾದ ಮೇಲೆ ಜಗಲಿಯಲ್ಲಿ ಕೂತು ನಗುನಗುತ್ತಾ ಹೇಳುವ ಕತೆ. ಪಂಜೆಯವರ 'ಹರಟೆಮಲ್ಲ'ನಿಗೂ ಮಾಸ್ತಿಯವರ 'ಶ್ರೀನಿವಾಸ'ನಿಗೂ ದೂರ ಅಷ್ಟೇನೂ ಇಲ್ಲ.

ಅಂದಹಾಗೆ, 'ಶ್ರೀನಿವಾಸ' ಕೂಡ ಕಾವ್ಯನಾಮವೇ. 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಕಟ್ಟಿದ ಎ.ಆರ್. ಕೃಷ್ಣಶಾಸ್ತ್ರಿಗಳು ಕತೆ ಬರೆಯುವಾಗ 'ಶ್ರೀಪತಿ'. ಅಜ್ಜಂಪುರ ಸೀತಾರಾಂ 'ಆನಂದ'. ಮೇಷ್ಟ್ರುಗಳೂ ಅಧಿಕಾರಿಗಳೂ ಕತೆಗೆ ಇನ್ನೊಂದು ಹೆಸರು ಇಟ್ಟುಕೊಂಡಿರುವುದನ್ನು ನೋಡಿದರೆ, ಕತೆ ಬರೆಯುವುದು ಆಗ ಅಷ್ಟೊಂದು ಗೌರವದ ಕೆಲಸ ಆಗಿರಲಿಲ್ಲವೇನೋ ಅನ್ನುವ ಗುಮಾನಿ ನನಗಿದೆ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಬಿಗಿ. ಬಾಲವಿಧವೆ ನಂಜನಗೂಡು ತಿರುಮಲಾಂಬಾ 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿ, ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಬರೆಯುವವರೂ ಅವರೇ, ಪ್ರಕಾಶಕರೂ ಅವರೇ. ಆರ್. ಕಲ್ಯಾಣಮ್ಮನವರ 'ಸರಸ್ವತಿ' ದಶಕಗಳ ಕಾಲ ನಡೆಯಿತು. 1930ರ ದಶಕದಲ್ಲಿ ಕೊಡಗಿನ ಗೌರಮ್ಮ ಬಂದರು. ವಿಧವೆಯರು, ಮದುವೆಯಲ್ಲಿ ಮೋಸಹೋದ ಹುಡುಗಿಯರು, ಗಂಡಸರ ನೀತಿಯ ಎರಡು ನಾಲಿಗೆ ಇವರ ವಸ್ತು. 'ಅಪರಾಧಿ ಯಾರು?' ಅಂತ ಕತೆಗೇ ಹೆಸರಿಟ್ಟವರು. ಪತ್ರಿಕೆಗೆ ಬರೆಯುವಾಗ ಮಾತ್ರ 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. 1939ರಲ್ಲಿ, ಇನ್ನೂ 27ರ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. 'ಕಂಬನಿ' ಸಂಕಲನ ಬಂದದ್ದು ಆಮೇಲೆ, ಬೇಂದ್ರೆಯವರ ಮುನ್ನುಡಿಯ ಜೊತೆ.

ಇಷ್ಟರಲ್ಲಿ ಪತ್ರಿಕೆಗಳ ಸಂಖ್ಯೆ ಬೆಳೆದಿತ್ತು. ಧಾರವಾಡದ 'ಜಯ ಕರ್ನಾಟಕ' 1922ರಲ್ಲಿ ಹುಟ್ಟಿತು. ಅ.ನ.ಕೃ. 'ಕಥಾಂಜಲಿ' ನಡೆಸಿದರು. 'ರಾಶಿ' ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರ 'ಕೊರವಂಜಿ' 1942ರಲ್ಲಿ ನಗೆಯನ್ನೇ ನಂಬಿಕೊಂಡು ಹೊರಟಿತು. ನಂಬುತ್ತೀರೋ ಇಲ್ಲವೋ, ಶಿವರಾಮ ಕಾರಂತರ ಕಾದಂಬರಿಗಳ ಶುರುವಾತು ಪತ್ತೇದಾರಿ ಬರಹದಿಂದಲೇ. ತಮ್ಮ 'ವಸಂತ' ಮಾಸಪತ್ರಿಕೆಯ ಕಾಲದಲ್ಲಿ ಅವರು ಬರೆದದ್ದು 'ವಿಚಿತ್ರಕೂಟ'. 'ಚೋಮನ ದುಡಿ'ಯ ಕಾರಂತರು ಬಂದದ್ದು ಆಮೇಲೆ. ಜನಪ್ರಿಯ ಬೇರೆ, ಶ್ರೇಷ್ಠ ಬೇರೆ ಅಂತ ನಾವು ಗೆರೆ ಎಳೆದದ್ದು ಎಷ್ಟೋ ವರ್ಷಗಳ ನಂತರ. ಬರೆಯುತ್ತಿದ್ದವರು ಎರಡೂ ಕಡೆ ಓಡಾಡಿಕೊಂಡಿದ್ದರು.

ಈ ಕತೆಗಳನ್ನು ಹುಡುಕಬೇಕು ಅನ್ನಿಸಿದವರಿಗೆ ಒಂದು ಮಾತು. ಹಳೇ ಗ್ರಂಥಾಲಯಗಳಲ್ಲಿ ಬೈಂಡ್ ಮಾಡಿಟ್ಟ ಸಂಪುಟ ಸಿಕ್ಕರೆ ಪರಿಚಿತ ಹೆಸರುಗಳನ್ನಷ್ಟೇ ಹುಡುಕಬೇಡಿ. ಪರಿವಿಡಿಯಲ್ಲಿ ಬರೀ ಇನಿಷಿಯಲ್ ಇರುವ, ವಿಚಿತ್ರ ಹೆಸರಿರುವ, ಕೆಲವೊಮ್ಮೆ ಹೆಸರೇ ಇಲ್ಲದ ಕತೆಗಳನ್ನು ಮೊದಲು ಓದಿ. ಪಂಜೆಗಿಂತ ಹಿಂದಿನವರು ಯಾರಾದರೂ ಇದ್ದರೆ ಅಲ್ಲೇ ಸಿಗಬೇಕು.