ಗ್ರಾಫಲ್ಲಿ ಬಿದ್ದ ಗುಂಡಿ ಪರಮಾಣುದಾ, ಲೇಸರ್‌ದಾ?

ರುಬಿಡಿಯಂ ಆವಿ ತುಂಬಿದ ಪುಟ್ಟ ಗಾಜಿನ ಕೊಳವೆ ಒಳಗೆ 780 ನ್ಯಾನೋಮೀಟರ್ ಲೇಸರ್ ಬಿಟ್ಟು, ಫ್ರೀಕ್ವೆನ್ಸಿ ನಿಧಾನಕ್ಕೆ ಬದಲಾಯಿಸ್ತಾ ಹೋದ್ರೆ ಒಂದು ಕಡೆ ಪರಮಾಣುಗಳು ಬೆಳಕನ್ನ ನುಂಗೋಕೆ ಶುರು ಮಾಡ್ತವೆ, ಆಚೆ ಇರೋ ಡಿಟೆಕ್ಟರ್‌ನ ಗ್ರಾಫಲ್ಲಿ ಗುಂಡಿ ಬೀಳುತ್ತೆ. ಆವಿ ಜಾಸ್ತಿ ಇದ್ರೆ ತಲೆನೋವಿಲ್ಲ, ಗುಂಡಿ ಆಳವಾಗೇ ಇರುತ್ತೆ. ಆದ್ರೆ ಪರಮಾಣುಗಳು ನುಂಗಿದ್ದು ಹತ್ತು ಸಾವಿರದಲ್ಲಿ ಒಂದು ಪಾಲು, ಲೇಸರ್ ತಾನೇ ಏರಿಳಿಯೋದು ಸಾವಿರದಲ್ಲಿ ಒಂದು ಪಾಲು ಅಂತಿಟ್ಕೊಳ್ಳಿ, ಆಗ ಸಿಗ್ನಲ್‌ಗಿಂತ ನಾಯ್ಸೇ, ಅಂದ್ರೆ ಬೇಡದ ಏರಿಳಿತವೇ, ಹತ್ತು ಪಟ್ಟು!

ಎಲ್ರಿಗೂ ಮೊದಲು ಹೊಳೆಯೋದು ಸರಾಸರಿ. ನೂರು ಸಲ ಅಳೆದ್ರೆ ನಾಯ್ಸ್ ಹತ್ತರಲ್ಲಿ ಒಂದಾಗುತ್ತೆ, ಸರಿ. ಆದ್ರೆ ರೂಮಿನ ಬಿಸಿ ಏರ್ತಾ ಲೇಸರ್ ಮೆಲ್ಲಗೆ ಒಂದೇ ಕಡೆ ಜಾರ್ತಿದ್ರೆ ಇಡೀ ದಿನ ಅಳೆದ್ರೂ ಸಿಗೋದು ಆ ಜಾರಿಕೆಯ ಸರಾಸರಿನೇ.

ನನ್ ಕೇಳಿದ್ರೆ ಕಳೆಯೋ ಲೆಕ್ಕವೇ ವಾಸಿ. ಬೀಮನ್ನ ಎರಡಾಗಿ ಸೀಳಿ ಒಂದನ್ನ ಕೊಳವೆ ಮೂಲಕ, ಇನ್ನೊಂದನ್ನ ಪಕ್ಕದಿಂದ ಕಳಿಸಿ, ಬೆಳಕನ್ನ ಕರೆಂಟಾಗಿ ಬದಲಿಸೋ ಎರಡು ಫೋಟೋಡಯೋಡ್‌ಗಳ ಕರೆಂಟನ್ನ ಒಂದರಿಂದ ಇನ್ನೊಂದು ಕಳೀತಾರೆ. ಲೇಸರ್ ಮಂಕಾದ್ರೆ ಎರಡೂ ಕಡೆ ಮಂಕಾಗುತ್ತೆ, ಅದು ವಜಾ. ಪರಮಾಣು ನುಂಗಿದ್ದು ಒಂದೇ ಕಡೆ, ಅದು ಉಳಿಯುತ್ತೆ. ಬ್ಯಾಲೆನ್ಸ್ ಮಾತ್ರ ಚೆನ್ನಾಗಿರ್ಬೇಕು, ಶೇ. 1 ಏರುಪೇರಿದ್ರೆ ನಾಯ್ಸ್‌ನ ನೂರರಲ್ಲಿ ಒಂದು ಪಾಲು ಹಾಗೇ ಉಳ್ಕೊಳ್ಳುತ್ತೆ.

ಇನ್ನೊಂದು ಉಪಾಯ ಲಾಕ್-ಇನ್. ನಾಯ್ಸ್‌ನ ಕಾಟ ಕಡಿಮೆ ಫ್ರೀಕ್ವೆನ್ಸಿಯಲ್ಲೇ ಜಾಸ್ತಿ, ಕರೆಂಟ್ ಲೈನಿನ 50 ಹರ್ಟ್ಸ್ ಗುಂಯ್ ಅನ್ನೋದೂ ಅಲ್ಲೇ. ಅದಕ್ಕೆ ಲೇಸರ್‌ನ ಫ್ರೀಕ್ವೆನ್ಸಿಯನ್ನ ಸೆಕೆಂಡಿಗೆ ಹತ್ತಾರು ಸಾವಿರ ಸಲ ಚೂರು ಆಚೆ ಈಚೆ ಅಲ್ಲಾಡಿಸಿ, ಡಿಟೆಕ್ಟರ್‌ನಿಂದ ಅದೇ ತಾಳಕ್ಕೆ ಬಂದಿದ್ದನ್ನ ಮಾತ್ರ ಹೆಕ್ಕೋದು.

ಇಷ್ಟೆಲ್ಲ ಮಾಡಿದ್ರೂ ಬೆಳಕಿನದೇ ಒಂದು ಮಿತಿ ಇದೆ, ಶಾಟ್ ನಾಯ್ಸ್ ಅಂತಾರೆ. 1 ಮಿಲಿವ್ಯಾಟ್ ಲೇಸರಲ್ಲಿ ಸೆಕೆಂಡಿಗೆ ಸುಮಾರು 39 ಕೋಟಿ ಕೋಟಿ ಫೋಟಾನ್, ಅಂದ್ರೆ ಬೆಳಕಿನ ಕಣ, ಬರ್ತವೆ. ಏರಿಳಿತ ಆ ಸಂಖ್ಯೆಯ ವರ್ಗಮೂಲದಷ್ಟು, ಆರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು.

ನಿಜವಾಗ್ಲೂ ಸತಾಯಿಸೋದು ಕೊಳವೆಯ ಗಾಜು. ಅದರ ಎರಡು ಮುಖಗಳ ನಡುವೆ ಬೆಳಕು ಪುಟಿದು ಗ್ರಾಫಲ್ಲಿ ಅಲೆ ಎಬ್ಬಿಸುತ್ತೆ, ಒಂದೇ ಬೀಮಲ್ಲಿ ಇರೋದ್ರಿಂದ ಕಳೆದ್ರೂ ಹೋಗಲ್ಲ, ನೋಡೋಕೆ ಥೇಟ್ ಗುಂಡಿನೇ. ಕೊಳವೆನ ಚೂರು ಓರೆ ಮಾಡಿದ್ರೆ ಕಡಿಮೆ ಆಗುತ್ತೆ. ಅನುಮಾನ ಬಂದ್ರೆ ಮೌಂಟನ್ನ ಬೆರಳಿಂದ ಮೆಲ್ಲಗೆ ಒತ್ತಿ ನೋಡಿ, ಅಲೆ ಜರುಗುತ್ತೆ, ಪರಮಾಣುವಿನ ಗುಂಡಿ ಇದ್ದಲ್ಲೇ ಇರುತ್ತೆ.